ಬುಧವಾರ ನಾನು ರಜೆ ಹಾಕುವುದಿಲ್ಲ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗಳೇ,

ನಿನ್ನ ಕಾಗದ ತಲುಪಿತು. ಎರಡು ಸಲ ಓದಿದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಬುಧವಾರ ನಾನು ರಜೆ ಹಾಕುವುದಿಲ್ಲ.

ನಮ್ಮ ಜೀವಶಾಸ್ತ್ರ ವಿಭಾಗದ ಬುಧವಾರದ ಉಪನ್ಯಾಸಕ್ಕೆ ಈ ಸಲ ನೀನೇ ಅತಿಥಿ ಎಂದು ನನಗೆ ಗೊತ್ತಾದದ್ದು ನಿನ್ನಿಂದಲ್ಲ. ಇಪ್ಪತ್ತೆರಡು ವರ್ಷದಿಂದ ಪ್ರತಿ ವಾರ ಅತಿಥಿಯ ಹೆಸರನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆಯುವ ಅಟೆಂಡರ್ ನಾನೇ ಎಂಬುದು ಮರೆತುಹೋಯಿತೇ? ಗುಮಾಸ್ತರು ಚೀಟಿ ಕೊಟ್ಟರು. ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ. "ಅತಿಥಿಗಳ ಅಮ್ಮ ಈ ವಾರ ಕುರ್ಚಿ ಒರೆಸ್ತಾರೋ ಇಲ್ವೋ?" ಎಂದು ಗುಮಾಸ್ತರು ಛೇಡಿಸಿದರು. "ಒರೆಸ್ತೀನಿ ಸ್ವಾಮಿ, ಆಮೇಲೆ ಅದರ ಮೇಲೇ ಕೂತ್ಕೋತೀನಿ" ಎಂದೆ.

ನಾನು ಟೀ ಟ್ರೇ ಹಿಡಿದು ಓಡಾಡುವುದನ್ನು ಕಂಡರೆ ನಿನಗೆ ಮಾತು ತಡವರಿಸುತ್ತದೆ ಎಂದು ಬರೆದಿದ್ದೀಯ. ಇರಬಹುದು. ಆದರೆ ಚೀಟಿಯಲ್ಲಿ ವಿಷಯವೂ ಇತ್ತಲ್ಲ: 'ತೊಟ್ಟಿಯ ಬಸವನಹುಳುಗಳ ಬೇಸಿಗೆ ನಿದ್ರೆ, ವಿಭಾಗದ ಹನ್ನೊಂದು ವರ್ಷದ ದಾಖಲೆಗಳಿಂದ.' ವಿಭಾಗಕ್ಕೆ ಕೈಯಿದೆಯೇ, ಪುಟ್ಟಿ? ಪ್ರಯೋಗಾಲಯದ ಹಿಂದಿನ ತೊಟ್ಟಿಗೆ ಪ್ರತಿ ಸೋಮವಾರ ಬಗ್ಗಿ, ಹುಳು ಎಣಿಸಿ, ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದಿಟ್ಟ ಕೈ ಯಾವುದು? ಶಾಲೆಯಿಂದ ಬಂದು ನೀನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ನಾನು ತಪ್ಪಿದರೆ "ಅಮ್ಮಾ, ಅದು ಆಗ್ಲೇ ಆಯ್ತು" ಎನ್ನುತ್ತಿದ್ದೆ.

ಮುಖ್ಯಸ್ಥರ ಬಳಿಯೂ ಹೋಗಿದ್ದೆ. ಉಪನ್ಯಾಸದ ಮೇಲೆ ಪ್ರಶ್ನೆ ಕೇಳಿದವರು ಹೆಸರು, ಹುದ್ದೆ ಬರೆಯುವ ಪುಸ್ತಕವಿದೆಯಲ್ಲ, ಅದರಲ್ಲಿ ಅಟೆಂಡರ್ ಬರೆಯಬಾರದೆಂಬ ನಿಯಮವಿದೆಯೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು, "ನಿಯಮ ಏನಿಲ್ಲ, ಇದುವರೆಗೂ ಯಾರೂ ಬರೆದಿಲ್ಲ ಅಷ್ಟೆ" ಎಂದರು. "ಹಾಗಾದ್ರೆ ನಂಗೊಂದು ಸಾಲು ಬಿಟ್ಟಿರಿ ಸಾರ್" ಎಂದು ಹೇಳಿ ಬಂದಿದ್ದೇನೆ.

ಎರಡೂವರೆಗೇ ಟ್ರೇ ಇಟ್ಟುಬಿಡುತ್ತೇನೆ. ಮೊದಲ ಸಾಲಿನ ಬಲತುದಿಯಲ್ಲಿ ಕೂತಿರುತ್ತೇನೆ. ನನ್ನನ್ನು ನೋಡಿ ನೀನು ನಗಬೇಕೆಂದೇನಿಲ್ಲ. ಆದರೆ ನಾನು ಎದ್ದು ಹೋಗುವವಳಲ್ಲ.

ಇಂತಿ,
ಇದ್ದಲ್ಲೇ ಇರುವ
ನಿನ್ನ ಅಮ್ಮ

ಇದು ಬರೆಯಲು ಮರೆತದ್ದಲ್ಲ, ಕೊನೆಗೆಂದು ಇಟ್ಟುಕೊಂಡದ್ದು: ಪ್ರತಿ ಬೇಸಿಗೆ ಮೂರು ವಾರ ಎಣಿಕೆಯ ಪುಸ್ತಕದಲ್ಲಿ ಸೊನ್ನೆ ಇರುವುದು, ನೀನು ಅಂದುಕೊಂಡ ಹಾಗೆ, ಹುಳುಗಳು ಕೆಸರಿನಲ್ಲಿ ಮಲಗಿದ್ದರಿಂದಲ್ಲ. ತೊಟ್ಟಿ ತಿಕ್ಕಿ ಒಣಗಿಸಲು ನಾನೇ ಅವನ್ನು ಬಕೆಟ್ಟುಗಳಿಗೆ ಹಾಕುತ್ತಿದ್ದೆ. ತೊಟ್ಟಿಯಲ್ಲಿ ಇಲ್ಲದ್ದಕ್ಕೆ ಸೊನ್ನೆ ಬರೆದೆ. ಆ ರಜೆಯಲ್ಲಿ ನೀನು ದೊಡ್ಡಮ್ಮನ ಮನೆಯಲ್ಲಿರುತ್ತಿದ್ದೆ, ನೋಡಿಲ್ಲ. ನಿದ್ರೆಯಂತೆ! ಬಕೆಟ್ಟಿನ ಅಂಚು ಹತ್ತಿ ಹೊರಟವನ್ನು ಹಿಡಿದು ಹಾಕಿಯೇ ನನಗೆ ಸಾಕಾಗುತ್ತಿತ್ತು. ಎಲ್ಲರೆದುರು ಹೇಳಬಹುದಿತ್ತು, ಹೇಳುವುದಿಲ್ಲ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ ಅತ್ತ ಬರುವವರ ಕೈಯಲ್ಲೇ ಕಳಿಸುತ್ತಿದ್ದೇನೆ, ಎರಡು ದಿನವಿದೆ, ತಿದ್ದಿಕೋ. ಬುಧವಾರ ನಾನು ಕೇಳುವ ಪ್ರಶ್ನೆ ಬೇರೆ: ಈ ಹುಳುಗಳನ್ನು ಎಣಿಸಿದ್ದು ಯಾರು? ಯೋಚಿಸಿಕೊಂಡು ಬಾ.