ಕೊರತೆ ಇಲ್ಲ

ಜಿಲ್ಲಾ ಕಚೇರಿ ವಸತಿ, ಮೇಲಿನ ಮಹಡಿ
ನವೆಂಬರ್ 14

ಅಮ್ಮಾ, ನಿನ್ನ ಅಳಿಯನಿಗೆ ಬಡ್ತಿ ಸಿಕ್ಕಿದೆ, ಮದುವೆಯಾಗಿ ಮೂರೇ ತಿಂಗಳಿಗೆ ಇಡೀ ಮೇಲಿನ ಉಪವಿಭಾಗಕ್ಕೆ ಅವರೇ ಯಜಮಾನರು, ನನ್ನ ಕಾಲ್ಗುಣ ಅಂತ ಪಕ್ಕದ ಮನೆಯ ಅತ್ತೆಗೆ ಮೊದಲು ಹೇಳು, ಅಪ್ಪನಿಗೆ ಆಮೇಲೆ.

ಆದೇಶ ಬಂದು ತಿಂಗಳಾಯಿತು. ಮನೆ ಜೋಡಿಸುವ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ನಾನು ಇಂಗ್ಲಿಷಿನಲ್ಲಿ ಬರೆದರೆ ರಜೆ ಅರ್ಜಿ ಓದಿದ ಹಾಗಾಗುತ್ತೆ ಅಂತ ಬೈದಿದ್ದೆಯಲ್ಲ, ಅದಕ್ಕೇ ಕಷ್ಟಪಟ್ಟು ಕನ್ನಡ.

ಎಂಥ ರಾಜ್ಯಭಾರ ಗೊತ್ತಾ? ಕಚೇರಿಯ ಗೋಡೆಯ ನಕ್ಷೆಯಲ್ಲಿ ಮೇಲಿನ ಅರ್ಧ ಪೂರ್ತಿ ಇವರದು. ನಾಲ್ಕು ಕಣಿವೆ, ಹನ್ನೊಂದು ಹಳ್ಳಿ, ಒಂದು ತೂಗುಸೇತುವೆ. ಗಡಿಕಲ್ಲು ನಾನೂರು, ಜನ ಮುನ್ನೂರ ಎಂಬತ್ತು. ಕಲ್ಲುಗಳಾದರೆ ಹೇಳಿದ ಜಾಗದಲ್ಲಿ ನಿಲ್ಲುತ್ತವೆ ಎಂದು ಹೊರಡುವ ದಿನ ನನ್ನನ್ನು ನಗಿಸಿದರು. ನಕ್ಷೆಯಲ್ಲಿ ನನ್ನ ಕೋಣೆಗೂ ಅವರ ಠಾಣೆಗೂ ಒಂದೇ ಗೇಣು, ನಾನೇ ಅಳೆದೆ. ನಡೆದರೆ ಆರು ದಿನ. ಚೆಕ್‌ಪೋಸ್ಟ್ ಆಚೆ ಹೆಂಡತಿ ಮಕ್ಕಳನ್ನು ಬಿಡುವುದಿಲ್ಲ. ಈಗ ಹಿಮ ಬಿದ್ದು ದಾರಿಯೂ ಮುಚ್ಚಿದೆ, ಐದು ತಿಂಗಳು ಅವರು ಇಳಿಯುವಂತಿಲ್ಲ. ಅದೇನು ಮಹಾ.

ದಿನಾ ನಾಲ್ಕು ಗಂಟೆಗೆ ಅವರ ಧ್ವನಿ ಕೇಳುತ್ತೇನೆ. ಕೆಳಗಿನ ವೈರ್‌ಲೆಸ್ ಕೋಣೆಯ ಮಾಮ, ನಿವೃತ್ತಿಗೆ ವರ್ಷವಿರುವವರು, ನನಗೊಂದು ಸ್ಟೂಲ್ ಹಾಕಿಕೊಟ್ಟಿದ್ದಾರೆ. ನಾನು ಅಲ್ಲಿ ಕೂತು ಕೇಳುವುದು ನಮ್ಮವರಿಗೂ ಗೊತ್ತು. ಮನೆಮಾತು ಆಡುವಂತಿಲ್ಲ, ಜಿಲ್ಲೆಯ ಠಾಣೆಗಳೆಲ್ಲ ಕೇಳಿಸಿಕೊಳ್ಳುತ್ತವೆ. ವರದಿಯನ್ನು ಒಂದೇ ಕ್ರಮದಲ್ಲಿ ಒಪ್ಪಿಸಬೇಕು: ಹಿಮ ಎಷ್ಟು ಅಡಿ, ದಾರಿ, ಸೇತುವೆ, ಜನ, ಕೊನೆಗೆ ಕೊರತೆ. ಸೀಮೆಎಣ್ಣೆ, ಔಷಧಿ, ಕಂಬಳಿ, ಏನು ಬೇಕಾದರೂ ಹೇಳಬಹುದು. ಇವರು ಠಾಣೆ ಸೇರಿದ ಇಪ್ಪತ್ತು ದಿನವೂ ಕೊರತೆ ಇಲ್ಲ ಎಂದೇ ಮುಗಿಸಿದ್ದಾರೆ.

ಮೊನ್ನೆ ಮಾಮ ನನ್ನ ಮುಖ ನೋಡಿದವರೇ ರೂಲ್ಸ್ ಬದಿಗಿಟ್ಟು, ಸಾರ್, ಚೆನ್ನಾಗಿ ಯೋಚ್ನೆ ಮಾಡಿ ಹೇಳಿ, ಕೊರತೆ ಏನೂ ಇಲ್ವಾ, ಯಾರದೂ ಇಲ್ವಾ ಅಂತ ಕೇಳಿಯೇಬಿಟ್ಟರು. ಆ ಕಡೆ ಹಾಳೆ ತಿರುವುವ ಸದ್ದು. ಆಮೇಲೆ ಇವರು, ಪಟ್ಟಿ ಇನ್ನೊಂದ್ಸಲ ನೋಡಿದೆ, ಎಲ್ಲಾ ಸಾಕಷ್ಟಿದೆ ಅಂದರು. ನೋಡು, ಎಷ್ಟು ಅಚ್ಚುಕಟ್ಟು ನಿನ್ನ ಅಳಿಯ. ಈ ಗಂಡಸ್ರಿಗೆ ಹಿಮದ ಆಳ ಒಂದು ಗೊತ್ತಾಗತ್ತೆ ಕಣಮ್ಮ ಎಂದು ಮಾಮ ನನಗೆ ಚಹಾ ತರಿಸಿದರು.

ನಾನಿಲ್ಲಿ ಆರಾಮ. ಇರುವುದೊಂದು ಕೋಣೆ, ಏಳು ಸಲ ಜೋಡಿಸಿದ್ದೇನೆ. ಕಿಟಕಿಯ ಪಕ್ಕ ಮಂಚ ಹಾಕಿದರೆ ಬೆಟ್ಟ ಕಾಣುತ್ತದೆ. ಈಗ ಗೋಡೆಯ ಪಕ್ಕ ಹಾಕಿದ್ದೇನೆ.

ಸುಮ್ಮನೆ ನಿನ್ನನ್ನು ನೋಡಬೇಕು ಅನ್ನಿಸಿದೆ, ಹದಿನೈದು ದಿನ ಇದ್ದು ಬರುತ್ತೇನೆ. ಬರುವ ಗುರುವಾರ ಬೆಳಿಗ್ಗೆ ಎಂಟೂವರೆಯ ಪ್ಯಾಸೆಂಜರ್ ರೈಲಿಗೆ ಇಳಿಯುತ್ತೇನೆ.

ನಿನ್ನ
ಬಾಯಿಬಡುಕಿ

ತಾ.ಕ.: ಅಪ್ಪನಿಗೆ ಓದಿ ಹೇಳುವಾಗ ಇದನ್ನು ಬಿಟ್ಟುಬಿಡು. ದೊಡ್ಡ ಟ್ರಂಕನ್ನೇ ತರುತ್ತಿದ್ದೇನೆ, ವಾಪಸ್ ಟಿಕೆಟ್ ತೆಗೆಸಿಲ್ಲ. ಕೊರತೆಯ ಜಾಗದಲ್ಲಿ ಇವರು ಏನಾದರೂ ಹೇಳಿದ ದಿನ, ಸೀಮೆಎಣ್ಣೆಯೇ ಆದರೂ ಸರಿ, ನನಗೊಂದು ಕಾಗದ ಹಾಕಿ ಅಂತ ಮಾಮನಿಗೆ ನಮ್ಮ ಮನೆಯ ವಿಳಾಸ ಬರೆದುಕೊಟ್ಟಿದ್ದೇನೆ.