ಬೇಲಿಯಾಚೆಯವನು

ಅಟ್-ಬಾಶಿ,
ಫೆಬ್ರವರಿ ಕೊನೆಯ ಭಾನುವಾರ

ಬುರುಲ್,

ಹೇಗಿದ್ದೀಯ? ಮಗಳು ಹೇಗಿದ್ದಾಳೆ, ನಿನ್ನ ಸೊಂಟನೋವು ಹೇಗಿದೆ, ಬಿಶ್ಕೆಕ್‌ನ ಆ ಎತ್ತರದ ಮನೆಗೆ ಬಿಸಿನೀರು ಹತ್ತುತ್ತಿದೆಯೆ? ಇಲ್ಲಿ ನಾವಿದ್ದೇವೆ, ಕುರಿಗಳೂ ಇವೆ. ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಹಿಮ ಬಿದ್ದು ದಾರಿ ಮುಚ್ಚಿತ್ತು ಎಂದು ಬರೆಯಬಹುದಿತ್ತು, ಆದರೆ ದಾರಿ ಮುಚ್ಚಿದ್ದು ಒಂದು ವಾರವಷ್ಟೆ. ಉಳಿದ ದಿನವೆಲ್ಲ ಕಾಗದ ಎದುರಿಗಿಟ್ಟುಕೊಂಡು ಬೈಗುಳ ಹುಡುಕುತ್ತಿದ್ದೆ. ಸಿಕ್ಕ ಬೈಗುಳ ಒಂದೂ ನಿನ್ನ ಅಳತೆಗೆ ಸಾಲಲಿಲ್ಲ.

ಮೊದಲು ಪುಸ್ತಕದ ಮಾತು. ಪಂತ ಅಂದಮೇಲೆ ಪಂತ. ಹನ್ನೊಂದನೆಯದು ಮುಗಿಯಿತು, ಆ ರೈಲು ನಿಲ್ದಾಣದ ಗಡಿಯಾರ ರಿಪೇರಿಯವನದು. ಎಂಥ ಆಸಾಮಿ ಅವನು! ಊರಿಗೆಲ್ಲ ಹೊತ್ತು ಹೇಳುತ್ತಾನೆ, ತಾನು ಮಾತ್ರ ಎಲ್ಲಿಗೂ ಹೊರಡುವುದಿಲ್ಲ. ಅರ್ಧ ಪುಸ್ತಕದವರೆಗೆ ಅವನ ಕೆನ್ನೆಗೆ ಎರಡು ಬಿಗಿಯಬೇಕು ಅನ್ನಿಸುತ್ತಿತ್ತು. ಆಮೇಲೆ ಹೆಂಡತಿ ಸತ್ತ ಮೇಲೂ ಅವಳ ಕೈಗಡಿಯಾರಕ್ಕೆ ದಿನಾ ಕೀಲಿ ಕೊಡುತ್ತಾನಲ್ಲ, ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಮೊದಲ ಹತ್ತು ಪುಸ್ತಕಗಳನ್ನು ನಾನು ಅತ್ತೆಗೆ ಗಟ್ಟಿಯಾಗಿ ಓದಿದ್ದೆ. ಅವರು ಉಣ್ಣೆ ನೂಲುತ್ತ ಕೇಳಿ, ಕಥೆಯವಳನ್ನು ಬೈದು, "ಇವಳಿಗೆ ಒಂಚೂರೂ ಬುದ್ಧಿಯಿಲ್ಲ, ಮುಂದೆ ಓದು ಮಗಳೇ" ಅನ್ನುತ್ತಿದ್ದರು. ಹನ್ನೊಂದನೆಯದನ್ನು ಕೇಳಲು ಅವರು ಬರಲಿಲ್ಲ. ಅದು ಯಾಕೆಂದು ಹೇಳುವುದಕ್ಕೇ ಈ ಕಾಗದ.

ಕಳೆದ ವಸಂತದಲ್ಲಿ ನೂರೂಜ್ ಹೊಸವರ್ಷದ ಹಬ್ಬಕ್ಕೆ ನೀನು ನಮ್ಮ ಮನೆಗೆ ಬಂದದ್ದು ನೆನಪಿದೆಯೆ? ಪಂತ ಹೂಡಿದವಳು ನೀನು. ಈ ನೂರೂಜ್‌ನಿಂದ ಮುಂದಿನದರವರೆಗೆ ಹನ್ನೆರಡು ಪುಸ್ತಕ, ಇಬ್ಬರೂ ಅದದೇ ಪುಸ್ತಕ ಓದಬೇಕು, ಓದಿದ್ದನ್ನು ಕಾಗದದಲ್ಲೇ ಬರೆಯಬೇಕು, ಸೋತವಳು ಕುರಿ ಕೊಯ್ದು ಊಟ ಹಾಕಬೇಕು. ಫೋನಿನಲ್ಲಾದರೆ ಕುರಿಯ ಬೆಲೆ, ಮಕ್ಕಳ ಕೆಮ್ಮು ಬಿಟ್ಟು ಬೇರೆ ಮಾತೇ ಏಳುವುದಿಲ್ಲ ಅಂದವಳೂ ನೀನೇ. ನನಗೆ ಎಷ್ಟು ಹಿಗ್ಗಾಯಿತೆಂದರೆ, ನಾರಿನ್‌ನ ಕಾಲೇಜಿನಲ್ಲಿ ಒಂದೇ ಹೊದಿಕೆಯೊಳಗೆ ಒಂದೇ ಪುಸ್ತಕ ಓದುತ್ತಿದ್ದ ದಿನಗಳು ತಿರುಗಿ ಬಂದವು ಅಂದುಕೊಂಡೆ. ಅತ್ತೆ ಎರಡು ಕೈ ಎತ್ತಿ ನಮ್ಮ ಪಂತವನ್ನು ಹರಸಿದರು. ನಿನ್ನ ತಟ್ಟೆಗೆ ಹೆಣ್ಣುಮಕ್ಕಳಿಗೆಂದು ಎತ್ತಿಡುವ ಎಲುಬಿನ ತುಂಡನ್ನೇ ಹಾಕಿದರು. ನೀನು ಅದನ್ನು ಚೀಪಿ ಚೀಪಿ ತಿಂದೆ.

ನಾನು ಪುಟಗಟ್ಟಲೆ ಬರೆದೆ. ನಿನ್ನಿಂದ ಬರುತ್ತಿದ್ದದ್ದು ನಾಲ್ಕು ಸಾಲು. "ಎಷ್ಟು ಚೆನ್ನಾಗಿ ಬರೀತೀಯೆ, ಇನ್ನೂ ಮನಸ್ಸು ಬಿಚ್ಚಿ ಬರಿ." ಪೇಟೆಯಲ್ಲಿ ಕೆಲಸ ಜಾಸ್ತಿ, ಪಾಪ ಅಂದುಕೊಂಡೆ. ಮನಸ್ಸು ಬಿಚ್ಚಿದೆ.

ಹತ್ತನೆಯ ಪುಸ್ತಕ ಉಪ್ಪಿನ ವ್ಯಾಪಾರಿಯ ಮನೆಯದು. ಮುದುಕ ಯಜಮಾನನ ಹೆಣ ಹೊರಗೆ ಹೋಗುವಾಗ ಸೊಸೆ ಪರದೆಯ ಹಿಂದೆ ನಿಂತು ನಗುತ್ತಾಳೆ. ಅತ್ತೆಗೆ ಓದುವಾಗ ಆ ಪುಟವನ್ನು ಹಾರಿಸಿಬಿಟ್ಟೆ. ನಿನಗೆ ಮಾತ್ರ ಹಾರಿಸದೆ ಬರೆದೆ. ಮಾವ ತೀರಿಕೊಂಡಾಗ ನಾನು ಹಾಡಿಕೊಂಡು ಅತ್ತದ್ದನ್ನು ಊರೆಲ್ಲ ಹೊಗಳಿತು, ಇಂಥ ಸೊಸೆ ಬೇಕು ಅಂದಿತು. ಆದರೆ ಬಾಯಿ ಅಳುತ್ತಿದ್ದಾಗ ಒಳಗೆ ಹಗುರಾಗುತ್ತಿತ್ತು, ಎಷ್ಟೋ ವರ್ಷ ಬಿಗಿದು ಕಟ್ಟಿದ ತಲೆವಸ್ತ್ರ ಬಿಚ್ಚಿದ ಹಾಗೆ ಎಂದು ಬರೆದೆ. ಮದುವೆಯಾದ ವರ್ಷ ಮಾವ ನನ್ನ ಪುಸ್ತಕವನ್ನು ಒಲೆಗೆ ಹಾಕಿದ್ದು ನಿನಗೆ ಗೊತ್ತು. ಅತ್ತೆ ಬೆಂಕಿಗೆ ಕೈಹಾಕಿ ಅದನ್ನು ಎಳೆದು, ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಕೊಟ್ಟದ್ದೂ ಗೊತ್ತು. ಅವರ ಬೆರಳಿನ ಮೇಲೆ ಆ ಸುಟ್ಟ ಕಲೆ ಇನ್ನೂ ಇದೆ. ಹಾಗಿದ್ದರೂ ಅವರಿಗೆ ಗಂಡ ಗಂಡನೇ. ನನ್ನ ಆ ಹಾಡಿನ ಮೇಲೆ ಅವರಿಗೆ ಪ್ರಾಣ. ಪ್ರತಿ ವರ್ಷ ಮಾವನ ತಿಥಿಯೂಟದ ದಿನ ನೆಂಟರ ಮುಂದೆ ಅದನ್ನು ನನ್ನಿಂದ ಹಾಡಿಸಿ, ಕಣ್ಣೊರೆಸಿಕೊಂಡು, ನನ್ನ ತಲೆ ಸವರುತ್ತಿದ್ದರು. ಅದಕ್ಕೇ ಅವರಿಗೆ ಹೇಳಲಾರದ್ದನ್ನು ನಿನಗೆ ಬರೆದೆ, ಅಷ್ಟೆ.

ತಮಾಷೆಗೆಂದು ಇನ್ನೊಂದು ಸಾಲನ್ನೂ ಸೇರಿಸಿದ್ದೆ. "ಮಾವ ಹೋದ ಚಳಿಗಾಲ ಬೇಲಿಯಾಚೆಯವನು ಹಟ್ಟಿಯ ಕಡೆ ಬರಲೇ ಇಲ್ಲ. ಮನೆಯೊಳಗಿನವನು ಹೋದ ಮೇಲೆ ಹೊರಗಿನವನಿಗೂ ನೆಮ್ಮದಿಯಾಯಿತೇನೋ."

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಮರೆತ ಹಾಗಿದೆ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ನಾಲಿಗೆಯ ಮೇಲೆ ತರುವಂತಿಲ್ಲ, ಆ ಹೆಸರಿನೊಳಗಿನ ಮಾತನ್ನೂ ತರುವಂತಿಲ್ಲ. ನಮ್ಮ ಮಾವನ ಹೆಸರಿನಲ್ಲಿ ಬೆಟ್ಟದ ಮೇಲೆ ನಿಂತು ಊಳಿಡುವ, ಕುರಿ ಎತ್ತಿಕೊಂಡು ಹೋಗುವ ಆ ಪ್ರಾಣಿಯೇ ಕೂತಿದೆ. ಬೇರೆ ಸೊಸೆಯರು ಅದಕ್ಕೆ ಊಳಿಡುವವನು ಅನ್ನುತ್ತಾರೆ. ನಾನು ಬಂದ ಹೊಸದರಲ್ಲಿ ಗಾಬರಿಯಾಗಿ, ಬಾಯಿಗೆ ಬಂದಂತೆ, "ಅತ್ತೆ, ಬೇಲಿಯಾಚೆಯವನು ಬಂದ" ಎಂದು ಕೂಗಿದ್ದೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಈ ಊರಿನಲ್ಲಿ ಆ ಮಾತು ನಮ್ಮ ಮನೆಯದು, ನನ್ನದೊಬ್ಬಳದೇ.

ಡಿಸೆಂಬರಿನ ಆ ಭಾನುವಾರ ಚಳಿಗಾಲಕ್ಕೆಂದು ಕುದುರೆ ಕೊಯ್ದಿದ್ದೆವು. ನಾನು, ಅತ್ತೆ, ಪಕ್ಕದ ಮನೆಯ ಕನಿಶಾಯ್ ಸೇರಿ ಕರುಳು ತೊಳೆದು ಮಾಂಸ ತುಂಬುತ್ತಿದ್ದೆವು. ರೇಡಿಯೋ ಹಾಡುತ್ತಿತ್ತು. ಹಾಡು ಮುಗಿದು ನಿನ್ನ ಧ್ವನಿ ಬಂತು. ನಿನಗೆ ರೇಡಿಯೋದಲ್ಲಿ ಪುಸ್ತಕದ ಕಾರ್ಯಕ್ರಮ ಸಿಕ್ಕಿದೆಯೆಂದು ನನಗೆ ತಿಳಿದೇ ಇರಲಿಲ್ಲ. ನನ್ನ ಗೆಳತಿ, ನಮ್ಮ ಬುರುಲ್ ಎಂದು ಇಬ್ಬರಿಗೂ ಹೇಳಿದೆ. ಕೈ ಒರೆಸಿಕೊಂಡು ಹೋಗಿ ಧ್ವನಿ ಜೋರು ಮಾಡಿದವಳು ನಾನೇ.

ನೀನು ಉಪ್ಪಿನ ವ್ಯಾಪಾರಿಯ ಕಥೆ ಹೇಳಿದೆ. ಆಮೇಲೆ, "ಈ ಪುಟ ಓದುವಾಗ ನನಗೆ ನನ್ನ ಮಾವನವರು ನೆನಪಾದರು" ಎಂದು ಶುರುಮಾಡಿದೆ. ಮೊದಲು ನನಗೆ ಅರ್ಥವೇ ಆಗಲಿಲ್ಲ. ನಿನಗೆಲ್ಲಿಯ ಮಾವ? ನೀನು ಕಟ್ಟಿಕೊಂಡದ್ದು ಅನಾಥಾಲಯದಲ್ಲಿ ಬೆಳೆದವನನ್ನು. ಅವನನ್ನು ಬಿಟ್ಟು ಬರುವಾಗಲೂ ಕೇಳುವವರು ಯಾರೂ ಇಲ್ಲ ಎಂದು ನೀನೇ ನಗಾಡಿದ್ದೆ. ಆಮೇಲೆ ತಲೆವಸ್ತ್ರ ಬಂತು, ಹಾಡಿಕೊಂಡು ಅತ್ತದ್ದು ಬಂತು. ನನ್ನ ಕೈಯಲ್ಲಿದ್ದ ಕರುಳು ಪಾತ್ರೆಗೆ ಜಾರಿತು. ಹೋಗಿ ರೇಡಿಯೋ ಆರಿಸಿಬಿಡಬೇಕಿತ್ತು. ಆರಿಸಿದರೆ ಅತ್ತೆಗೆ ಗೊತ್ತಾಗಿಬಿಡುತ್ತದೆ ಎಂದು ಕೂತೆ. ಕೊನೆಗೆ ಬೇಲಿಯಾಚೆಯವನೂ ಬಂದ, ಒಂದಕ್ಷರ ಬದಲಿಲ್ಲದೆ. ಕನಿಶಾಯ್ ಪಕ್ಕೆ ಹಿಡಿದು ನಕ್ಕಳು, ಎಂಥ ಮಾತುಗಾತಿ ನಿನ್ನ ಗೆಳತಿ ಅಂದಳು. ನಗು ಅರ್ಧಕ್ಕೇ ನಿಂತಿತು. ಅವಳಿಗೂ ಹೊಳೆದಿತ್ತು.

ಅತ್ತೆ ಕೈಯಲ್ಲಿದ್ದುದಕ್ಕೆ ಪೂರ್ತಿ ಮಾಂಸ ತುಂಬಿದರು, ದಾರ ಸುತ್ತಿ ಗಂಟು ಹಾಕಿದರು. ಆಮೇಲೆ ಕೇಳಿದರು.

"ನಿನ್ನ ಗೆಳತಿ ಮನೇಲೂ ಬೇಲಿಯಾಚೆಯವನು ಅಂತಾನೇ ಅಂತಾರಾ?"

ನಾನು ಪಾತ್ರೆಗೆ ಬಿದ್ದ ಕರುಳನ್ನು ಎತ್ತಿ ಮತ್ತೆ ತೊಳೆಯತೊಡಗಿದೆ. ಅವರು ಇನ್ನೊಂದನ್ನು ತುಂಬಲು ಎತ್ತಿಕೊಂಡರು.

ಮಾರನೆಯ ದಿನ ನಿನಗೆ ಫೋನು ಮಾಡಿದೆನಲ್ಲ, ಅಲ್ಲಿಯವರೆಗೂ ನಂಬಿಕೆ ಇಟ್ಟುಕೊಂಡಿದ್ದೆ. ಏನೋ ತಪ್ಪಾಗಿರಬೇಕು, ಯಾರೋ ಕಾಗದ ಕದ್ದಿರಬೇಕು ಅಂದುಕೊಂಡೆ. ನೀನು ಏನಂದೆ? "ನಿನ್ನ ಹೆಸರು ಎಲ್ಲೂ ಹೇಳಿಲ್ವಲ್ಲೇ, ಯಾರಿಗೆ ಗೊತ್ತಾಗುತ್ತೆ? ಎಷ್ಟು ಜನ ಫೋನ್ ಮಾಡಿ ಅತ್ರು ಗೊತ್ತಾ?" ಅತ್ತವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ವಸಂತದಿಂದ ಬರೆದ ಅಷ್ಟೂ ಕಾಗದ ಹೀಗೇ ಓದಿದೆಯಾ ಎಂದು ಕೇಳಿದ್ದಕ್ಕೆ, ಎಲ್ಲಾ ಅಲ್ಲ, ಚೆನ್ನಾಗಿರೋದು ಮಾತ್ರ ಎಂದು ನೀನಂದೆ. ಹನ್ನೊಂದನೆಯದನ್ನು ಆ ರಾತ್ರಿಯೆಲ್ಲ ಕೂತು ಒಬ್ಬಳೇ ಓದಿ ಮುಗಿಸಿದ್ದೆ, ಅದಕ್ಕೇ ನಾನು ಇನ್ನೊಂದನ್ನೂ ಕೇಳಿದೆ, ಬೇಕೆಂದೇ ಕೇಳಿದೆ. ಹನ್ನೊಂದನೆಯ ಪುಸ್ತಕ ಓದಿದೆಯಾ, ಗಡಿಯಾರದವನು ಕೊನೆಗೆ ಯಾವ ರೈಲು ಹತ್ತುತ್ತಾನೆ ಎಂದು. "ಕೊನೇ ರೈಲು, ಅಲ್ಲಿ ನನಗೂ ಅಳು ಬಂತು" ಎಂದು ನೀನಂದೆ. ಅವನು ಯಾವ ರೈಲನ್ನೂ ಹತ್ತುವುದಿಲ್ಲ, ಬುರುಲ್. ಹೆಂಡತಿಯ ಗಡಿಯಾರವನ್ನು ಬೇರೆಯವರ ಕೈಗೆ ಕೊಟ್ಟು ಕಳಿಸಿ ಮನೆಗೆ ವಾಪಸು ನಡೆಯುತ್ತಾನೆ. ನೀನು ಎಷ್ಟು ಪುಸ್ತಕ ಓದಿದೆಯೋ, ಒಂದನ್ನಾದರೂ ಓದಿದೆಯೋ, ಇನ್ನು ಕೇಳಿ ನನಗೇನಾಗಬೇಕು. ಜೊತೆಗೆ ಓದುವವಳೊಬ್ಬಳಿದ್ದಾಳೆ ಎಂದು ವರ್ಷವಿಡೀ ಒಬ್ಬಳೇ ಮಾತಾಡಿಕೊಂಡೆ.

ನನ್ನ ಗಂಡ ತಾಲಾಯ್ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅಮ್ಮ ಮಾತಾಡುವವರೆಗೆ ನಾನೂ ಮಾತಾಡುವುದಿಲ್ಲ ಎಂದು ಹೇಳಿ ಚಳಿಗಾಲದ ಕುರಿದೊಡ್ಡಿಗೆ ಹೊರಟುಹೋದ. ಅತ್ತೆ ಊಟ ಮಾಡುತ್ತಾರೆ, ಚಹಾ ಕೊಟ್ಟರೆ ಕುಡಿಯುತ್ತಾರೆ. ಪುಸ್ತಕ ತೆಗೆದರೆ ನೂಲು ಎತ್ತಿಕೊಂಡು ಆಚೆ ಕೋಣೆಗೆ ಹೋಗುತ್ತಾರೆ. ತಪ್ಪಾಯಿತು ಎಂದು ಕಾಲು ಹಿಡಿದರೆ, ಏನು ತಪ್ಪು, ಇದ್ದದ್ದನ್ನೇ ಹೇಳಿದ್ದೀಯ ಅನ್ನುತ್ತಾರೆ.

ನೀನು ಕಳಿಸಿದ ಹನ್ನೆರಡನೆಯ ಪುಸ್ತಕ, ಮಿಠಾಯಿ ಡಬ್ಬಿ ಎರಡೂ ಬಂದಿವೆ. ಮಿಠಾಯಿಯನ್ನು ಕನಿಶಾಯ್ ಮಕ್ಕಳಿಗೆ ಕೊಟ್ಟೆ. ಪುಸ್ತಕವನ್ನು ಟ್ಯಾಕ್ಸಿಯವನ ಕೈಯಲ್ಲಿ ವಾಪಸು ಕಳಿಸಿದ್ದೇನೆ, ತೆರೆದಿಲ್ಲ. ಪಂತ ನಾನು ಸೋತೆ ಎಂದೇ ಇಟ್ಟುಕೋ. ನೂರೂಜ್‌ಗೆ ಕುರಿ ಕೊಯ್ಯುತ್ತೇನೆ, ಊಟಕ್ಕೆ ನೀನು ಬರಬೇಡ.

ನಿನ್ನ ಮಗಳಿಗೆ ಆಯಸ್ಸು ಇರಲಿ, ಓದು ಹತ್ತಲಿ, ಒಳ್ಳೆಯ ಮನೆ ಸೇರಲಿ. ಅವಳು ಮನಸ್ಸು ಬಿಚ್ಚಿ ಬರೆದ ಕಾಗದ ಸರಿಯಾದ ಕೈಗೆ ಸಿಗಲಿ. ಇದನ್ನು ಸಿಟ್ಟಿನಿಂದಲ್ಲ, ಎರಡೂ ಕೈ ಎತ್ತಿ ಹರಸುತ್ತಿದ್ದೇನೆ.

ಸಾಲ್ಕಿನ್

ಇನ್ನೊಂದು ಮಾತಿದೆ, ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ಮಾವನ ತಿಥಿಯೂಟವಿತ್ತು, ನೆಂಟರೆಲ್ಲ ಬಂದಿದ್ದರು. ಊಟವಾದ ಮೇಲೆ ಯಾರೋ ಸೊಸೆ ಹಾಡಲಿ ಅಂದರು. ಅತ್ತೆ ಬೇಡ ಅಂದರು. ಅಷ್ಟರಲ್ಲಿ ಹಟ್ಟಿಯ ಕಡೆ ನಾಯಿಗಳು ಬೊಗಳಿದವು. ನಾನು ಅಭ್ಯಾಸಬಲದಿಂದ, ಬೇಲಿಯಾಚೆಯವನು ಬಂದ ಹಾಗಿದೆ ಅಂದುಬಿಟ್ಟೆ. ಅತ್ತೆ ಚಹಾದ ಬಟ್ಟಲು ಕೆಳಗಿಟ್ಟು, ಎಲ್ಲರೆದುರಿಗೆ, ಮೆತ್ತಗೇ ಹೇಳಿದರು. "ಅದರ ಹೆಸರು ತೋಳ. ಇನ್ಮೇಲೆ ತೋಳ ಅಂತಾನೇ ಅನ್ನು, ಸಾಲ್ಕಿನ್. ಹೆಸರು ನುಂಗಿಕೊಳ್ಳೋ ಕಟ್ಟಳೆ ಸೊಸೆಯಾದವಳಿಗೆ ಮಾತ್ರ." ಮಗಳೇ ಅನ್ನಲಿಲ್ಲ. ಈ ಕಾಗದವನ್ನೂ ಬೇಕಿದ್ದರೆ ರೇಡಿಯೋದಲ್ಲಿ ಓದಿಕೋ. ಕೊನೆಗೆ ತೋಳ ಎಂದೇ ಬರೆದಿದ್ದೇನೆ ನೋಡು, ಇನ್ನು ನಾನು ಯಾರ ಮನೆಯವಳು ಎಂದು ಯಾರಿಗೂ ಗೊತ್ತಾಗುವುದಿಲ್ಲ.