ಗುಂಡಿ ಬಿದ್ದ ಕೇಕು

ಪುಟ್ಟಿ,

ಎದ್ದ ತಕ್ಷಣ ಫ್ರಿಜ್ ತೆಗೆದು ಕೂಗಾಡ್ಬೇಡ, ಕೇಕನ್ನ ನಾನೇ ತಗೊಂಡು ಹೋಗಿದೀನಿ. ನಿನ್ನೆ ನಾನು ಅಂಗಡಿಗೆ ಹೋದಾಗ ನೀನು ಅದರ ನಡುವಿನ ಗುಂಡಿಗೆ ತುಂಬಿದ್ದ ಕ್ರೀಮು, ಹಣ್ಣು ಎಲ್ಲಾ ಕೆರೆದು ಬಟ್ಟಲಲ್ಲಿ ಇಟ್ಟಿದೀನಿ. ಬ್ರೆಡ್ಡಿಗೆ ಹಚ್ಕೊಂಡು ತಿನ್ನು. ಅಕ್ಕನ ಮಾನ ಉಳಿಸೋಕೆ ಮಾಡಿದ್ದು ಅಂತ ಗೊತ್ತು ಕಣೇ. ಆದ್ರೂ ಮೈಯೆಲ್ಲಾ ಉರೀತು.

ಈ ತಿಂಗಳು ನಮ್ಮ ಬ್ಲಾಗ್ ಗುಂಪಿನವರೆಲ್ಲಾ ಮಾಡಿದ್ದು ಗುಂಪು ಶುರು ಮಾಡಿದ ಟೀಚರಮ್ಮನ ರೆಸಿಪಿ. ಒಂದು ಚಮಚ ಅಡುಗೆ ಸೋಡಾ ಸಾಕಾಗೋ ಕಡೆ ಅವರು ಮೂರು ಅಂತ ಬರೆದಿದಾರೆ, ನಾನೂ ಕಣ್ಣುಮುಚ್ಚಿ ಹಾಕಿದೆ. ಎಲ್ಲರ ಕೇಕೂ ಕುಸಿದಿರಲೇಬೇಕು. ಇಲ್ಲದಿದ್ರೆ ಒಬ್ಬರೂ ಮೇಲಿಂದ ಫೋಟೋ ತೆಗೆದಿಲ್ಲ ಯಾಕೆ? ಎಲ್ಲಾ ಪಕ್ಕದಿಂದಲೇ! ಕೆಳಗೆ "ಸೂಪರಾಗಿ ಬಂತು ಮೇಡಂ" ಅಂತ ಬೇರೆ. ನಾನೂ ಹಾಗೇ ಬರೀಬೇಕಾ? ಆಗಲ್ಲ. ಇವತ್ತು ಎಲ್ಲರೂ ಸೇರಿರ್ತಾರಲ್ಲ, ಟೀಚರಮ್ಮನ ಎದುರಿಗೇ ಗುಂಡಿ ಸಮೇತ ಇಡ್ತೀನಿ. ಗುಂಪಿಂದ ತೆಗೆದುಹಾಕ್ತಾರಾ? ಹಾಕ್ಲಿ. ನನ್ನ ಓವನ್ನೇನೂ ಕಿತ್ಕೊಂಡು ಹೋಗಲ್ಲ.

ಒಲೆ ಮೇಲೆ ತರಕಾರಿ ಸೂಪಿದೆ, ಬಿಸಿ ಮಾಡ್ಕೋ. ಉಪ್ಪು ಸರಿಯಾಗಿದೆ, ಅದಕ್ಕೂ ಕೈ ಹಾಕ್ಬೇಡ.

ತಿಂದಾದ್ಮೇಲೆ ಕ್ಯಾಮೆರಾ ತಗೊಂಡು ಲೈಬ್ರರಿ ಹಿಂದಿನ ಹಾಲಿಗೆ ಬಾ. ಕೋಪ ಬಂದಿದ್ರೂ ಬಾ, ನಿನ್ನ ಹಾಗೆ ಫೋಟೋ ತೆಗೆಯೋರು ನಂಗೆ ಬೇರೆ ಯಾರಿದಾರೆ? ಟೀಚರಮ್ಮ ಕಣ್ಣು ಕೆಕ್ಕರಿಸಿದ್ರೂ ಸರಿ, ಕುರ್ಚಿ ಹತ್ತಿ ಮೇಲಿಂದಲೇ ತೆಗಿ.

ಅಕ್ಕ